ಲೀಥಿಯಮ್ ಕೋಶದಲ್ಲಿ ಸರಂಧ್ರ ಪಾಲಿಮರುಗಳು

ನೀಲಿ ಬಣ್ಣ ಹಾಕುವವರ ಬಾನಿಯಲ್ಲಿ ನಡೆಯುವ ಕ್ರಿಯೆ ಬಹು ಪುರಾತನವಾದುದು. ನೀಲಿಗಿಡದಿಂದ ತೆಗೆದ ನೀಲಿಯು ನೀರಿನಲ್ಲಿ ಕರಗತಕ್ಕ ವಸ್ತುವಲ್ಲ. ಕರಗದ ವಸ್ತು ನೂಲಿನ ಎಳೆಯೊಳಕ್ಕೆ ಇಳಿಯಲಾರದು. ಆದುದರಿಂದ ಬಣ್ಣಗಾರರು ಅದನ್ನು ಸುಣ್ಣದ ತಿಳಿ, ಬೆಲ್ಲ, ತಗಚೆ ಬೀಜ ಮೊದಲಾದವುಗಳೊಡನೆ ಬಾನಿಯಲ್ಲಿಟ್ಟು ಹುಳಿಯಿಸುತ್ತಾರೆ. ಹಾಗೆ ಹುಳಿಯುವಾಗ ನೀಲಿಯ ಒಂದೊಂದು ಅಣುವೂ ಎರಡೆರಡು ಎಲೆಕ್ಟ್ರಾನುಗಳನ್ನು ಪಡೆದುಕೊಂಡು, ಹಳದಿ ಛಾಯೆಯ, ನೀರಿನಲ್ಲಿ ಕರಗಬಲ್ಲ ಬೇರೊಂದು ರೂಪವನ್ನು ತಾಳುತ್ತದೆ. ಆ ದ್ರವದಲ್ಲಿ ಅದ್ದಿ ತೆಗೆದ ಬಟ್ಟೆಯನ್ನು ಗಾಳಿಗೆ ಹಿಡಿದರೆ, ಗಾಳಿಯ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ನೋಡನೋಡುತ್ತಿದ್ದಂತೆಯೇ ಬಟ್ಟೆ ನೀಲಿಯಾಗುತ್ತದೆ.

ಎಲೆಕ್ಟ್ರಾನುಗಳನ್ನು ಪಡೆಯುವುದು, ತಾನು ಕೆಡದೆ ಅವನ್ನು ಹಿಂದಕ್ಕೆ ಕೊಡುವುದು: ಮತ್ತೆ ಮತ್ತೆ ವಿದ್ಯುತ್ತನ್ನು ತುಂಬಿ ಬಳಸಬಹುದಾದ ಕೋಶಕ್ಕೆ ಬೇಕಾದ ಗುಣವೂ ಇದೇ. ನೀಲಿಯ ಅಣುವಿನಲ್ಲಿ ಈ ಕೆಲಸ ನಡೆಯುವ ಸ್ಥಾನವೆಂದರೆ, ಇಂಗಾಲದ ಪರಮಾಣುವೊಂದಕ್ಕೆ ಎರಡು ಬಂಧಗಳಿಂದ ಕೂಡಿಕೊಂಡಿರುವ ಆಮ್ಲಜನಕದ ಪರಮಾಣು. ಈ ಜೋಡಿಗೆ ಕಾರ್ಬೊನಿಲ್ ಗುಂಪು ಎಂದು ಹೆಸರು. ಮಂಜಿಷ್ಠದ ಬೇರಿಗೆ ಕೆಂಪು ಕೊಡುವ ವರ್ಣದ್ರವ್ಯಗಳಲ್ಲಿಯೂ, ತೇಗದ ಮರದ ತಿರುಳಿನಲ್ಲಿರುವ ಕೆಲವು ಪದಾರ್ಥಗಳಲ್ಲಿಯೂ ಇಂಥ ಗುಂಪುಗಳು ಎರಡೆರಡು ಇವೆ. ಅವುಗಳಿಗೆಲ್ಲ ಮೂಲವಾದ ಅಣು ಆಂತ್ರಕ್ವಿನೋನ್. ಇದರಲ್ಲಿ ಇಂಗಾಲದ ಮೂರು ಷಟ್ಕೋಣಗಳು ಸಾಲಾಗಿ ಕೂಡಿರುತ್ತವೆ. ನಡುವಣ ಷಟ್ಕೋಣದ ಎದುರುಬದುರು ಮೂಲೆಗಳಲ್ಲಿ ಒಂದೊಂದು ಆಮ್ಲಜನಕದ ಪರಮಾಣು ಇರುತ್ತದೆ. ಲೀಥಿಯಮ್ ಕೋಶದ ಧನಾಗ್ರದಲ್ಲಿ ಇದನ್ನಿಟ್ಟರೆ, ಕೋಶವು ವಿದ್ಯುತ್ತನ್ನು ಕೊಡುವಾಗ ಎರಡು ಆಮ್ಲಜನಕಗಳೂ ಒಂದೊಂದು ಎಲೆಕ್ಟ್ರಾನನ್ನು ಪಡೆಯುತ್ತವೆ, ಮತ್ತು ಅವುಗಳ ಮಗ್ಗುಲಲ್ಲಿ ಒಂದೊಂದು ಲೀಥಿಯಮ್ ಅಯಾನು ಬಂದು ನೆಲೆಸುತ್ತದೆ. ಕೋಶಕ್ಕೆ ವಿದ್ಯುತ್ತನ್ನು ತುಂಬುವಾಗ ಎರಡೂ ಬಿಟ್ಟುಹೋಗುತ್ತವೆ.

ಇಂಥ ಗುಂಪುಗಳನ್ನು ಹೊತ್ತ ಸರಂಧ್ರ ಪಾಲಿಮರುಗಳಿಂದ, ಎಂದರೆ ಮೈಯೆಲ್ಲ ಅತಿ ಸಣ್ಣ ತೂತುಗಳಿರುವ ದೈತ್ಯಾಣುಗಳಿಂದ, ಧನಾಗ್ರವನ್ನು ಮಾಡುವ ಪ್ರಯತ್ನ ಈಗ ಹಲವು ದೇಶಗಳಲ್ಲಿ ನಡೆದಿದೆ. ತೂತು ಏಕೆ ಬೇಕಾಯಿತು, ಅದಕ್ಕೆ ತೆರಬೇಕಾದ ಬೆಲೆ ಎಷ್ಟು ಎಂಬುದನ್ನು ಇಲ್ಲಿ ಲೆಕ್ಕ ಹಾಕಿ ನೋಡೋಣ.

ಕೋಬಾಲ್ಟಿಗೆ ಬದಲು

ಈಗ ಬಳಕೆಯಲ್ಲಿರುವ ಲೀಥಿಯಮ್ ಕೋಶದ ಚರಿತ್ರೆಯನ್ನು ವಿಸ್ತರಿಸಬೇಕಾದ ಅಗತ್ಯವಿಲ್ಲ. ಅಮೆರಿಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ 1970ರ ದಶಕದಲ್ಲಿ ಅದಕ್ಕೆ ತಳಹದಿ ಹಾಕಿದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡಿನಫ್ ಲೀಥಿಯಮ್ ಕೋಬಾಲ್ಟ್ ಆಕ್ಸೈಡಿನ ಧನಾಗ್ರವನ್ನೂ, 1985ರಲ್ಲಿ ಜಪಾನಿನಲ್ಲಿ ಅಕಿರ ಯೋಷಿನೊ ಇಂಗಾಲದ ಋಣಾಗ್ರವನ್ನೂ ಒದಗಿಸಿಕೊಟ್ಟರು. 1991ರಲ್ಲಿ ಸೋನಿ ಕಂಪನಿ ಅದನ್ನು ಪೇಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕೋಬಾಲ್ಟ್ ಆಕ್ಸೈಡಿನ ಹರಳು ಪದರಪದರವಾಗಿರುತ್ತದೆ. ಪುಸ್ತಕದ ಹಾಳೆಗಳ ನಡುವೆ ನವಿಲುಗರಿಯನ್ನು ಇಟ್ಟು ತೆಗೆಯುವಂತೆ, ಲೀಥಿಯಮ್ ಅಯಾನುಗಳು ಆ ಪದರಗಳ ನಡುವೆ ಸೇರುತ್ತವೆ, ಹೊರಬರುತ್ತವೆ.

ವ್ಯವಸ್ಥೆ ಸೊಗಸಾದುದೇ. ಆದರೆ ಕೋಬಾಲ್ಟ್ ಎಲ್ಲೆಡೆಯೂ ಸಿಗುವ ಲೋಹವಲ್ಲ. ಈಚಿನ ವರ್ಷಗಳಲ್ಲಿ ಲೋಕದಲ್ಲಿ ಅಗೆದು ತೆಗೆಯುವ ಕೋಬಾಲ್ಟಿನ ಅರ್ಧಕ್ಕಿಂತ ಹೆಚ್ಚು ಭಾಗ ಆಫ್ರಿಕದ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯವೊಂದರಿಂದಲೇ ಬರುತ್ತಿದೆ. ಅಲ್ಲಿ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳು ಕೂಡ ದುಡಿದಿರುವ ಸಂಗತಿ ಜಗತ್ತಿಗೆ ತಿಳಿದಿದೆ. ಕೋಬಾಲ್ಟಿಲ್ಲದ ಧನಾಗ್ರಗಳು ಇಲ್ಲವೆಂದಲ್ಲ. ಕಬ್ಬಿಣದ ಫಾಸ್ಫೇಟಿನಿಂದ ಮಾಡಿದ ಧನಾಗ್ರ ಈಗ ವಾಹನಗಳಲ್ಲಿ ಬಹುವಾಗಿ ಬಳಕೆಯಲ್ಲಿದೆ. ಆದರೆ ಅದು ಗ್ರಾಮಿಗೆ 170 ಮಿಲಿಆಂಪಿಯರ್-ಗಂಟೆಗಿಂತ ಹೆಚ್ಚಿನ ಆವೇಶವನ್ನು ಹಿಡಿಯಲಾರದು. ಅದನ್ನು ತಯಾರಿಸುವುದಕ್ಕೆ ಸಾಮಾನ್ಯವಾಗಿ 700 ಡಿಗ್ರಿ ಸೆಂಟಿಗ್ರೇಡಿನ ಸುಮಾರಿನ ಕುಲುಮೆ ಬೇಕು. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ ಎಂಬ ನಾಲ್ಕೇ ಧಾತುಗಳಿಂದ ಧನಾಗ್ರವನ್ನು ಕಟ್ಟುವಂತಾದರೆ ಗಣಿಯ ಹಂಗೇ ತಪ್ಪುತ್ತದೆ. ಲೀಥಿಯಮ್ ಮಾತ್ರ ಬೇಕೇ ಬೇಕು. ನಮ್ಮ ಮಂಡ್ಯ ಜಿಲ್ಲೆಯ ಬಂಡೆಗಳಲ್ಲಿ ಸುಮಾರು 1,600 ಟನ್ನಿನಷ್ಟು ಲೀಥಿಯಮ್ ಇರಬಹುದೆಂದು 2021ರಲ್ಲಿ ಪ್ರಕಟವಾದ ಅಂದಾಜು ವಾಚಕರ ನೆನಪಿನಲ್ಲಿರಬಹುದು. ದೇಶದ ಅಗತ್ಯಕ್ಕೆ ಹೋಲಿಸಿದರೆ ಅದು ಅಲ್ಪ.

ಈಗ ಲೆಕ್ಕಕ್ಕೆ ಬರೋಣ. ಒಂದು ಗ್ರಾಮ್-ಅಣು ವಸ್ತು ಅಣುವಿಗೊಂದರಂತೆ ಎಲೆಕ್ಟ್ರಾನುಗಳನ್ನು ಪಡೆದರೆ 96,485 ಕೂಲಮ್ ಆವೇಶ ಸೇರುತ್ತದೆ. ಇದನ್ನು ಕೋಶಗಳ ಮೇಲೆ ಬರೆಯುವ ಮಾನಕ್ಕೆ ಪರಿವರ್ತಿಸಿದರೆ ಸುಮಾರು 26,800 ಮಿಲಿಆಂಪಿಯರ್-ಗಂಟೆ. ಆಂತ್ರಕ್ವಿನೋನಿನ ಅಣುತೂಕ 208, ಅದು ಪಡೆಯುವ ಎಲೆಕ್ಟ್ರಾನುಗಳು 2. ಆದುದರಿಂದ ಅದರ ಧಾರಣಶಕ್ತಿ ಗ್ರಾಮಿಗೆ 257 ಮಿಲಿಆಂಪಿಯರ್-ಗಂಟೆ. ಲೀಥಿಯಮ್ ಕೋಬಾಲ್ಟ್ ಆಕ್ಸೈಡಿನ ಅಣುತೂಕ ಸುಮಾರು 98, ಎಲೆಕ್ಟ್ರಾನು 1. ಲೆಕ್ಕದ ಪ್ರಕಾರ 274 ಬರಬೇಕು. ಆದರೆ ಅದರಿಂದ ಅರ್ಧಕ್ಕಿಂತ ಬಹಳ ಹೆಚ್ಚು ಲೀಥಿಯಮ್ಮನ್ನು ಹೊರಗೆಳೆದರೆ ಹರಳಿನ ಕಟ್ಟಡವೇ ಕುಸಿಯತೊಡಗುವುದರಿಂದ, ವ್ಯವಹಾರದಲ್ಲಿ ದೊರೆಯುವುದು ಸುಮಾರು 140. ಇನ್ನು ವಿಭವ: ಲೀಥಿಯಮ್ ಲೋಹಕ್ಕೆ ಹೋಲಿಸಿ ಆಂತ್ರಕ್ವಿನೋನಿನದು ಸುಮಾರು 2.2 ವೋಲ್ಟ್, ಕೋಬಾಲ್ಟ್ ಆಕ್ಸೈಡಿನದು 3.9. ಗುಣಿಸಿದರೆ ಗ್ರಾಮಿಗೆ ಕ್ರಮವಾಗಿ 565 ಮತ್ತು 546 ಮಿಲಿವಾಟ್-ಗಂಟೆ. ತೂಕಕ್ಕೆ ತೂಕ ನೋಡಿದರೆ ಬಣ್ಣದ ಬೇರಿನ ಬಳಗದ ಅಣು ಕೋಬಾಲ್ಟಿಗೆ ಸರಿದೊರೆಯಾಗಿ ನಿಲ್ಲುತ್ತದೆ.

ಕರಗುವ ಪಿಡುಗು

ಹಾಗಿದ್ದರೆ ಆಂತ್ರಕ್ವಿನೋನನ್ನೇ ನೇರವಾಗಿ ಕೋಶದಲ್ಲಿ ತುಂಬಬಾರದೇಕೆ? ತುಂಬಿ ನೋಡಿಯೂ ಆಗಿದೆ. ಬಣ್ಣಗಾರನಿಗೆ ವರವಾದ ಗುಣವೇ ಇಲ್ಲಿ ಶಾಪವಾಗುತ್ತದೆ. ಅಯಾನುಗಳು ಓಡಾಡಲೆಂದು ಕೋಶದಲ್ಲಿ ತುಂಬಿರುವ ವಿದ್ಯುದ್ವಿಭಾಜ್ಯವು ಒಂದು ಸಾವಯವ ದ್ರವ. ಸಣ್ಣ ಸಾವಯವ ಅಣುಗಳು ಅದರಲ್ಲಿ ಸುಲಭವಾಗಿ ಕರಗುತ್ತವೆ. ಕರಗಿದ ಅಣು ಧನಾಗ್ರವನ್ನು ಬಿಟ್ಟು ಲೀಥಿಯಮ್ಮಿನ ಕಡೆಗೆ ಅಲೆದು, ಅಲ್ಲಿ ಎಲೆಕ್ಟ್ರಾನುಗಳನ್ನು ಹೊರಗಿನ ಮಂಡಲದ ಮೂಲಕ ಬರಗೊಡದೆ ನೇರವಾಗಿಯೇ ಕಸಿದುಕೊಳ್ಳುತ್ತದೆ. ಕೆಲವೇ ಹತ್ತು ಬಾರಿ ತುಂಬಿ ಬಳಸುವುದರೊಳಗೆ ಕೋಶದ ಧಾರಣಶಕ್ತಿಯ ಬಹುಭಾಗ ಸೋರಿಹೋಗಿರುತ್ತದೆ. ಸಾವಯವ ಪದಾರ್ಥವನ್ನು ಲೀಥಿಯಮ್ಮಿನೊಡನೆ ಕೋಶದಲ್ಲಿ ಹೂಡಿದ ಪ್ರಯೋಗ 1969ರಷ್ಟು ಹಿಂದೆಯೇ ಅಮೆರಿಕದಲ್ಲಿ ನಡೆದಿತ್ತು. ಆದರೂ ಲೋಹದ ಆಕ್ಸೈಡುಗಳು ಮುಂದೆ ಸಾಗಿದಾಗ ಈ ವಸ್ತುಗಳು ಹಿಂದೆ ಉಳಿದುದಕ್ಕೆ ಕರಗುವಿಕೆ ಒಂದು ಮುಖ್ಯ ಕಾರಣ.

ಪರಿಹಾರವೇನೋ ಸುಲಭವಾಗಿ ತೋರುತ್ತದೆ. ಬಿಡಿಬಿಡಿಯಾದ ಅಣುಗಳು ಕರಗುವುದಾದರೆ ಅವನ್ನು ಒಂದಕ್ಕೊಂದು ಕಟ್ಟಿಬಿಡಬೇಕು. ಸಾವಿರಾರು ಅಣುಗಳು ಸರಪಳಿಯಾಗಿ ಕೂಡಿದರೆ ಅದೇ ಪಾಲಿಮರ್. 2009ರಲ್ಲಿ ಚೀನದ ವುಹಾನ್ ವಿಶ್ವವಿದ್ಯಾನಿಲಯದವರು ಆಂತ್ರಕ್ವಿನೋನುಗಳ ನಡುವೆ ಒಂದೊಂದು ಗಂಧಕದ ಪರಮಾಣುವನ್ನು ಕೊಂಡಿಯಾಗಿ ಇಟ್ಟು ಇಂಥ ಸರಪಳಿಯನ್ನು ಮಾಡಿದರು. ಗಂಧಕದ ತೂಕ ಸೇರಿದುದರಿಂದ ಲೆಕ್ಕದ ಧಾರಣಶಕ್ತಿ 257ರಿಂದ 225ಕ್ಕೆ ಇಳಿಯಿತು. ನಷ್ಟ ದೊಡ್ಡದಲ್ಲ, ಕರಗುವ ಬಾಧೆಯೂ ಬಹುಮಟ್ಟಿಗೆ ತಗ್ಗಿತು.

ಆದರೆ ಸರಪಳಿಗಳು ನೂಲಿನುಂಡೆಯಂತೆ ಒಂದರೊಳಗೊಂದು ಹೆಣೆದುಕೊಂಡು ಒತ್ತಾಗಿ ಕೂಡುತ್ತವೆ. ಉಂಡೆಯ ಹೊರಮೈಯಲ್ಲಿರುವ ಆಮ್ಲಜನಕಗಳಿಗೆ ಲೀಥಿಯಮ್ ಸುಲಭವಾಗಿ ಸಿಗುತ್ತದೆ. ಒಳಗಿರುವವಕ್ಕೆ ಸಿಗಬೇಕಾದರೆ ಅಯಾನು ಆ ಗಟ್ಟಿ ಗೋಜಲಿನಲ್ಲಿ ನುಸುಳಿಕೊಂಡು ಬರಬೇಕು. ಈ ನುಸುಳುವಿಕೆಗೆ ವಿಸರಣವೆಂದು ಹೆಸರು. ವಿಸರಣದ ಒಂದು ನಿಯಮವನ್ನು ವಾಚಕರು ಮನಸ್ಸಿನಲ್ಲಿಡಬೇಕು: ಅದಕ್ಕೆ ಹಿಡಿಯುವ ಕಾಲ ದೂರಕ್ಕೆ ಅನುಗುಣವಾಗಿ ಅಲ್ಲ, ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟು.

ಘನವಸ್ತುವಿನೊಳಗೆ ಲೀಥಿಯಮ್ಮಿನ ವಿಸರಣಾಂಕವು ಸೆಕೆಂಡಿಗೆ ಒಂದು ಚದರ ಸೆಂಟಿಮೀಟರಿನ ಲಕ್ಷಕೋಟಿಯಲ್ಲೊಂದು ಭಾಗ ಎಂದಿಟ್ಟುಕೊಳ್ಳೋಣ. ವಸ್ತುವಿನ ಕಣದ ಹೊರಮೈಯಿಂದ ನಡುವಿಗೆ ಇರುವ ದೂರ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ ಎಂದಾದರೆ, ಅಷ್ಟು ದೂರಕ್ಕೆ ಹಿಡಿಯುವ ಕಾಲ ಹತ್ತು ಲಕ್ಷ ಸೆಕೆಂಡು. ಎಂದರೆ ಹನ್ನೊಂದೂವರೆ ದಿನ! ಅದೇ ಕಣದಲ್ಲಿ ಎಲ್ಲೆಲ್ಲಿಯೂ ತೂತುಗಳಿದ್ದು, ತೂತುಗಳ ನಡುವಣ ಗೋಡೆಯ ದಪ್ಪ 10 ನ್ಯಾನೊಮೀಟರ್ ಮಾತ್ರ ಇದ್ದರೆ ಒಂದೇ ಸೆಕೆಂಡು ಸಾಕು. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ದೂರ ಸಾವಿರದಲ್ಲೊಂದಾದಾಗ ಕಾಲ ಹತ್ತು ಲಕ್ಷದಲ್ಲೊಂದಾಯಿತು. ತೂತಿನೊಳಗೆ ತುಂಬಿಕೊಂಡಿರುವ ದ್ರವದಲ್ಲಿ ಅಯಾನಿನ ಓಟ ಬಹಳ ಬಿರುಸಾದುದರಿಂದ ಆ ಭಾಗದ ಕಾಲವನ್ನು ಸದ್ಯಕ್ಕೆ ಗಣಿಸದಿದ್ದರೂ ನಡೆಯುತ್ತದೆ.

ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆಯಲ್ಲಿ ತೂತು ಕುಂದಿನ ಗುರುತು. ಆದರೆ ಕಾವಲಿಯ ಮುಂದೆ ಕುಳಿತವರನ್ನು ಕೇಳಿದರೆ, ತೂತು ಬೀಳದ ದೋಸೆ ಒಳಗೆ ಬೇಯುವುದಿಲ್ಲವೆಂದು ಹೇಳಿಯಾರು. ನಮ್ಮ ಪಾಲಿಮರಿನ ಸ್ಥಿತಿಯೂ ಹಾಗೆಯೇ.

ತೂತುಗಳನ್ನು ಕಟ್ಟುವ ಬಗೆ

ಇಂಥ ತೂತುಗಳನ್ನು ಯಾರೂ ಕೊರೆಯುವುದಿಲ್ಲ. ಕೊರೆಯುವಷ್ಟು ಸೂಕ್ಷ್ಮವಾದ ಸಲಕರಣೆಯೂ ಇಲ್ಲ. ಮನೆ ಕಟ್ಟುವಾಗ ಕಿಟಕಿಗೆ ಜಾಗ ಬಿಡುವಂತೆ, ಅಣುಗಳನ್ನು ಜೋಡಿಸುವಾಗಲೇ ಎಡೆಯನ್ನು ಬಿಡಬೇಕು. ಬಾಗದ, ಬಳುಕದ ಅಣುಗಳನ್ನು ಆರಿಸಿಕೊಂಡು, ಒಂದೊಂದಕ್ಕೂ ಮೂರು ಅಥವಾ ನಾಲ್ಕು ಕೈಗಳಿರುವಂತೆ ಮಾಡಿ ಕೂಡಿಸಿದರೆ, ಅವು ಒತ್ತಾಗಿ ಮಡಿಚಿಕೊಳ್ಳಲಾರದೆ ಬಲೆಯಾಗಿ ನಿಲ್ಲುತ್ತವೆ. ಬಲೆಯ ಕಣ್ಣುಗಳೇ ತೂತುಗಳು. 2008ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮಿನಲ್ಲಿ ಮಾರ್ಕುಸ್ ಆಂಟೋನಿಯೆಟ್ಟಿ, ಆರ್ನೆ ಥಾಮಸ್ ಮೊದಲಾದವರು ಸತುವಿನ ಕ್ಲೋರೈಡನ್ನು 400 ಡಿಗ್ರಿಗೆ ಕಾಯಿಸಿ ಕರಗಿಸಿ, ಆ ದ್ರವದಲ್ಲಿ ಸಾರಜನಕವುಳ್ಳ ಸಣ್ಣ ಅಣುಗಳನ್ನು ಮೂರು ಮೂರಾಗಿ ಬೆಸೆದು ಇಂಥ ಬಲೆಯನ್ನು ಕಟ್ಟಿದರು. ಇಂಥ ಬಲೆ ಲೀಥಿಯಮ್ ಕೋಶದಲ್ಲಿ ಲೀಥಿಯಮ್ಮಿನ ಧನ ಅಯಾನುಗಳನ್ನಷ್ಟೇ ಅಲ್ಲದೆ ವಿದ್ಯುದ್ವಿಭಾಜ್ಯದ ಋಣ ಅಯಾನುಗಳನ್ನೂ ಹಿಡಿದು ಬಿಡಬಲ್ಲದೆಂದು 2012ರಲ್ಲಿ ಜರ್ಮನಿಯಲ್ಲಿಯೇ ತೋರಿಸಿದರು.

ಆದರೆ ಈ ಬಲೆಗಳಲ್ಲಿ ಹೆಚ್ಚಿನವು ಅಡ್ಡಾದಿಡ್ಡಿಯಾಗಿರುತ್ತವೆ. ಕಣ್ಣುಗಳೆಲ್ಲ ಒಂದೇ ಅಳತೆಯಲ್ಲಿದ್ದು, ಜೇನುಹುಟ್ಟಿನ ಕೋಣೆಗಳಂತೆ ಸಾಲಾಗಿ ನಿಲ್ಲುವ ಬಲೆಯನ್ನು 2005ರಲ್ಲಿ ಅಮೆರಿಕದಲ್ಲಿ ಓಮರ್ ಯಾಘಿಯವರ ತಂಡ ಸಾಧಿಸಿತು. ಲೋಹಗಳನ್ನೂ ಸಾವಯವ ಅಣುಗಳನ್ನೂ ಕೂಡಿಸಿ ಕಟ್ಟಿದ ಬಲೆಗಳಿಗಾಗಿ 2025ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೂವರಲ್ಲಿ ಇವರೂ ಒಬ್ಬರು. ಇಲ್ಲಿ ಹೇಳುತ್ತಿರುವುದು ಲೋಹವೇ ಇಲ್ಲದ ಬಲೆ. ಇವರು ಹಿಡಿದ ಉಪಾಯ ತಿಳಿಯಲು ಗಾರೆಕೆಲಸದವನನ್ನು ನೆನೆಯಬೇಕು. ಗಾರೆ ಹಸಿಯಾಗಿರುವವರೆಗೆ ಸೊಟ್ಟ ಕುಳಿತ ಇಟ್ಟಿಗೆಯನ್ನು ತೆಗೆದು ನೆಟ್ಟಗೆ ಕೂರಿಸಬಹುದು. ಹಾಗೆಯೇ ಕೂಡಿ ಮತ್ತೆ ಬಿಡಬಲ್ಲ ಬಂಧಗಳಿಂದ ಅಣುಗಳನ್ನು ಜೋಡಿಸಿದರೆ, ತಪ್ಪಾಗಿ ಕೂಡಿದವು ಬಿಟ್ಟುಕೊಂಡು ಸರಿಯಾದ ಸ್ಥಾನವನ್ನು ಹುಡುಕಿಕೊಳ್ಳುತ್ತವೆ. ಆದರೆ ಗಾರೆ ಎಂದೆಂದಿಗೂ ಹಸಿಯಾಗಿಯೇ ಇರುವ ಗೋಡೆಯಿಂದ ಪ್ರಯೋಜನವೇನು? ಮೊದಲ ಬಲೆಗಳು ನೀರು ತಗುಲಿದರೆ ಕಳಚಿಕೊಳ್ಳುತ್ತಿದ್ದವು.

ಈ ತೊಡಕನ್ನು ಬಿಡಿಸುವಲ್ಲಿ ದೊಡ್ಡದೊಂದು ಹೆಜ್ಜೆ ಇಟ್ಟದ್ದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯಲ್ಲಿ ರಾಹುಲ್ ಬ್ಯಾನರ್ಜಿಯವರ ತಂಡ, 2012ರಲ್ಲಿ. ಅವರು ಆರಿಸಿದ ಅಣುಗಳು ಮೊದಲು ಬಿಡಬಲ್ಲ ಬಂಧಗಳಿಂದ ಕೂಡಿ ಕ್ರಮವಾಗಿ ನಿಲ್ಲುತ್ತವೆ. ಆಮೇಲೆ ಜಲಜನಕದ ಪರಮಾಣುವೊಂದು ತನ್ನ ಸ್ಥಾನವನ್ನು ಬದಲಿಸುವುದರಿಂದ ಬಂಧವು ಮತ್ತೆ ಬಿಡದ ಹಾಗೆ ಗಟ್ಟಿಯಾಗುತ್ತದೆ. ಗಾರೆ ಒಣಗಿತು! ಹೀಗೆ ಕಟ್ಟಿದ ಬಲೆ ಕುದಿಯುವ ನೀರಿಗಾಗಲಿ ಆಮ್ಲಕ್ಕಾಗಲಿ ಜಗ್ಗಲಿಲ್ಲ. ಮರುವರ್ಷವೇ, 2013ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಮ್ ಡಿಕ್ಟೆಲ್ ಮತ್ತು ಸಂಗಡಿಗರು ಅದೇ ಬಗೆಯ ಬಂಧವನ್ನು ಬಳಸಿ, ಗೋಡೆಯಲ್ಲಿ ಆಂತ್ರಕ್ವಿನೋನನ್ನೇ ಇಟ್ಟಿಗೆಯಾಗಿಟ್ಟು ಒಂದು ಬಲೆಯನ್ನು ಕಟ್ಟಿದರು. ಅದರ ಕಣ್ಣಿನ ಅಗಲ 2 ನ್ಯಾನೊಮೀಟರಿಗಿಂತ ತುಸು ಹೆಚ್ಚು.

ಕಣ್ಣಿಗೆ ಕಾಣದ ಈ ತೂತುಗಳನ್ನು ಅಳೆಯುವುದು ಹೇಗೆ? ಇದಕ್ಕೆ ಬ್ರುನಾವರ್, ಎಮೆಟ್, ಟೆಲ್ಲರ್ ಎಂಬ ಮೂವರು 1938ರಲ್ಲಿ ಕೊಟ್ಟ ವಿಧಾನ ಇಂದಿಗೂ ನಡೆಯುತ್ತಿದೆ. ವಸ್ತುವನ್ನು ಸೊನ್ನೆಗಿಂತ 196 ಡಿಗ್ರಿ ಕೆಳಕ್ಕೆ ತಣಿಸಿ, ಅದಕ್ಕೆ ಸಾರಜನಕ ಅನಿಲವನ್ನು ಸ್ವಲ್ಪಸ್ವಲ್ಪವಾಗಿ ಉಣಿಸುತ್ತಾರೆ. ಅನಿಲದ ಅಣುಗಳು ತೂತುಗಳ ಒಳಗೋಡೆಗೆಲ್ಲ ಒಂದು ಪದರವಾಗಿ ಅಂಟಿಕೊಳ್ಳುತ್ತವೆ. ಒಂದು ಅಣು ಆಕ್ರಮಿಸುವ ಜಾಗ 0.162 ಚದರ ನ್ಯಾನೊಮೀಟರ್ ಎಂದು ತಿಳಿದಿರುವುದರಿಂದ, ಎಷ್ಟು ಅನಿಲ ಹಿಡಿಸಿತೆಂಬುದರಿಂದ ಗೋಡೆಗಳ ವಿಸ್ತೀರ್ಣ ದೊರೆಯುತ್ತದೆ. ಒಂದು ಗ್ರಾಮ್ ಪುಡಿಯು ಸಾಮಾನ್ಯ ಒತ್ತಡ ಮತ್ತು ಸೊನ್ನೆ ಡಿಗ್ರಿಯಲ್ಲಿ ಅಳೆದ 230 ಘನ ಸೆಂಟಿಮೀಟರ್ ಸಾರಜನಕವನ್ನು ಒಂದು ಪದರವಾಗಿ ಹಿಡಿದರೆ ಅದರ ವಿಸ್ತೀರ್ಣ 1,000 ಚದರ ಮೀಟರ್. ರೈತರ ಲೆಕ್ಕದಲ್ಲಿ ಹತ್ತು ಗುಂಟೆ ನೆಲ. ಅದು ಚಿಕ್ಕ ಚಮಚದಷ್ಟು ಪುಡಿಯಲ್ಲಿ ಅಡಗಿದೆ! ಕಾರ್ನೆಲ್ಲಿನ ಬಲೆಯ ವಿಸ್ತೀರ್ಣ ಇದನ್ನೂ ಮೀರಿತ್ತು.

ಇಷ್ಟು ವಿಸ್ತೀರ್ಣವಿದ್ದ ಮೇಲೆ ಎಲ್ಲ ಆಮ್ಲಜನಕಗಳೂ ಕೆಲಸಕ್ಕೆ ಬರಬೇಕಲ್ಲವೇ? ಬರಲಿಲ್ಲ. ಪುಡಿಯಾಗಿ ಬಳಸಿದಾಗ ಆಂತ್ರಕ್ವಿನೋನುಗಳಲ್ಲಿ ತೀರ ಸಣ್ಣ ಪಾಲು ಮಾತ್ರ ಎಲೆಕ್ಟ್ರಾನುಗಳನ್ನು ಪಡೆಯಿತು. ಅದೇ ತಂಡ ಅದೇ ಬಲೆಯನ್ನು 200 ನ್ಯಾನೊಮೀಟರಿಗಿಂತ ತೆಳುವಾದ ಪೊರೆಯಾಗಿ, ತೂತುಗಳೆಲ್ಲ ನೆಟ್ಟಗೆ ನಿಲ್ಲುವಂತೆ ಬೆಳೆಸಿದಾಗ, ಶೇಕಡ 80ಕ್ಕಿಂತ ಹೆಚ್ಚಿನವು ಕೆಲಸಕ್ಕೆ ಬಂದವು. ಈ ಪ್ರಯೋಗ ನಡೆದುದು ಲೀಥಿಯಮ್ಮಿನಲ್ಲಿ ಅಲ್ಲ, ಆಮ್ಲದ ದ್ರಾವಣದಲ್ಲಿ. ಆದರೂ ಅದು ಕಲಿಸುವ ಪಾಠ ಒಂದೇ. ತೂತಿರುವುದು ಬೇರೆ, ತೂತಿನ ಬಾಯಿ ತೆರೆದಿರುವುದು ಬೇರೆ. ಪುಡಿಯ ಕಣಗಳು ದಿಕ್ಕಿಗೊಂದಾಗಿ ಅಂಟಿಕೊಂಡಾಗ ಒಂದರ ಸುರಂಗದ ಬಾಯಿಗೆ ಇನ್ನೊಂದರ ಗೋಡೆ ಅಡ್ಡವಾಗುತ್ತದೆ. ಮೇಲಾಗಿ, ಅಯಾನಿಗೆ ದಾರಿ ಸಿಕ್ಕಿದರೆ ಸಾಲದು, ಎಲೆಕ್ಟ್ರಾನಿಗೂ ಸಿಗಬೇಕು. ಈ ಬಲೆಗಳಲ್ಲಿ ಹೆಚ್ಚಿನವು ವಿದ್ಯುತ್ತಿನ ದುರ್ವಾಹಕಗಳಾದುದರಿಂದ ಅವುಗಳೊಡನೆ ಇಂಗಾಲದ ಕಪ್ಪನ್ನು ಧಾರಾಳವಾಗಿ ಬೆರೆಸಬೇಕಾಗುತ್ತದೆ. 2015ರಲ್ಲಿ ಡಾಂಗ್ಲಿನ್ ಜಿಯಾಂಗ್ ಮತ್ತು ಸಹೋದ್ಯೋಗಿಗಳು ಇಂಗಾಲದ ನ್ಯಾನೊನಳಿಗೆಗಳ ಮೇಲೆಯೇ ಬಲೆಯನ್ನು ಬೆಳೆಸಿ, ಅಯಾನಿಗೆ ಬಲೆಯ ತೂತನ್ನೂ ಎಲೆಕ್ಟ್ರಾನಿಗೆ ನಳಿಗೆಯ ಮೈಯನ್ನೂ ದಾರಿಯಾಗಿ ಒದಗಿಸಿದರು. 2017ರಲ್ಲಿ ಬೀಜಿಂಗಿನ ಸಂಶೋಧಕರು ಆಂತ್ರಕ್ವಿನೋನಿನ ಬಲೆಯನ್ನು ಗುಂಡುಗಳಿರುವ ಗಿರಣಿಯಲ್ಲಿ ಅರೆದು ತೆಳುವಾದ ಹಾಳೆಗಳಾಗಿ ಬಿಡಿಸಿದರು. ಲೀಥಿಯಮ್ ಕೋಶದಲ್ಲಿ ಆ ಹಾಳೆಗಳು ಅರೆಯದ ಪುಡಿಗಿಂತ ಹೆಚ್ಚಾಗಿಯೂ ಬೇಗನೆಯೂ ಆವೇಶವನ್ನು ಹಿಡಿದವು.

ತೂತಿನ ಬೆಲೆ

ಇಲ್ಲಿಯವರೆಗೆ ತೂತಿನ ಗುಣಗಾನವಾಯಿತು. ಇನ್ನು ಅದರ ಬೆಲೆಯನ್ನು ನೋಡಬೇಕು. ಈ ವಿಷಯವನ್ನು ಕುರಿತ ವರದಿಗಳಲ್ಲಿ ಬಹುಪಾಲು ಇದನ್ನು ಕಡೆಗಣಿಸುತ್ತವೆಂಬುದು ನನ್ನ ಅಭಿಪ್ರಾಯ.

ಮೊದಲನೆಯದು, ಗೋಡೆಯನ್ನು ನಿಲ್ಲಿಸುವುದಕ್ಕೆ ಬೇಕಾದ ಮೂಲೆಗಲ್ಲುಗಳ ತೂಕ. ಕಾರ್ನೆಲ್ಲಿನ ಬಲೆಯಲ್ಲಿ ಮೂರು ಕೈಗಳುಳ್ಳ ಮೂಲೆಯ ಅಣು ಒಂದಕ್ಕೆ ಒಂದೂವರೆ ಆಂತ್ರಕ್ವಿನೋನ್ ಇದೆ. ಕೂಡುವಾಗ ಹೊರಹೋಗುವ ನೀರನ್ನು ಕಳೆದು ತೂಕವನ್ನು ಲೆಕ್ಕ ಮಾಡಿದರೆ, ಆಂತ್ರಕ್ವಿನೋನಿನ ಆಮ್ಲಜನಕಗಳಿಂದ ಸಿಗುವ ಧಾರಣಶಕ್ತಿ ಗ್ರಾಮಿಗೆ ಸುಮಾರು 157 ಮಿಲಿಆಂಪಿಯರ್-ಗಂಟೆ. ಗಂಧಕದ ಕೊಂಡಿಯ ಸರಪಳಿಯಲ್ಲಿ 225 ಉಳಿದಿದ್ದುದನ್ನು ಇದರೊಡನೆ ಹೋಲಿಸಬಹುದು. ವಿಭವವನ್ನು ಅದೇ 2.2 ವೋಲ್ಟ್ ಎಂದು ಹಿಡಿದರೂ ಗ್ರಾಮಿಗೆ 345 ಮಿಲಿವಾಟ್-ಗಂಟೆ ಮಾತ್ರ.

ಎರಡನೆಯದು, ಗಾತ್ರ. ಗೋಡೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 1.4 ಗ್ರಾಮ್ ಮತ್ತು ಒಂದು ಗ್ರಾಮಿನಲ್ಲಿ ತೂತುಗಳ ಒಟ್ಟು ಗಾತ್ರ 1 ಘನ ಸೆಂಟಿಮೀಟರ್ ಎಂದು ಭಾವಿಸೋಣ. ಆಗ ಒಂದು ಗ್ರಾಮ್ ವಸ್ತು ಸುಮಾರು 1.7 ಘನ ಸೆಂಟಿಮೀಟರ್ ಜಾಗವನ್ನು ಹಿಡಿಯುತ್ತದೆ. ಘನ ಸೆಂಟಿಮೀಟರಿಗೆ ದೊರೆಯುವ ಶಕ್ತಿ ಸುಮಾರು 200 ಮಿಲಿವಾಟ್-ಗಂಟೆ. ಕೋಬಾಲ್ಟ್ ಆಕ್ಸೈಡಿನ ಸಾಂದ್ರತೆ 5.05. ಅದರಲ್ಲಿ ಘನ ಸೆಂಟಿಮೀಟರಿಗೆ 2,750! ಕೋಬಾಲ್ಟಿನ ಪುಡಿಯ ಕಣಗಳ ನಡುವೆಯೂ ಸಂದುಗಳಿರುವುದರಿಂದ ನಿಜವಾದ ಧನಾಗ್ರಗಳನ್ನು ಹೋಲಿಸಿದಾಗ ಅಂತರ ಇಷ್ಟೇ ಇರುತ್ತದೆಂದು ಹೇಳಲಾಗದು. ಆದರೂ ಜೇಬಿನಲ್ಲಿಟ್ಟುಕೊಳ್ಳುವ ದೂರವಾಣಿಗೆ ಈ ವಸ್ತು ಹೊಂದಲಾರದೆಂಬುದು ಸ್ಪಷ್ಟ.

ಮೂರನೆಯದು ಇನ್ನೂ ಮುಖ್ಯವಾದುದು. ತೂತು ಬರಿದಾಗಿರುವುದಿಲ್ಲ, ಅದರಲ್ಲಿ ವಿದ್ಯುದ್ವಿಭಾಜ್ಯ ತುಂಬಿರುತ್ತದೆ, ತುಂಬಿರಲೇಬೇಕು. ಆ ದ್ರವ ನೀರಿಗಿಂತ ಭಾರ. ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಮ್. ಎಂದರೆ ಮೇಲಿನ ಉದಾಹರಣೆಯಲ್ಲಿ ಒಂದು ಗ್ರಾಮ್ ಪಾಲಿಮರು ತನ್ನ ತೂಕಕ್ಕಿಂತ ಹೆಚ್ಚಿನ ದ್ರವವನ್ನು ಹೊತ್ತುಕೊಂಡಿರುತ್ತದೆ. ಅದನ್ನೂ ಸೇರಿಸಿದರೆ ಗ್ರಾಮಿಗೆ 345 ಇದ್ದ ಶಕ್ತಿ 157ಕ್ಕೆ ಇಳಿಯುತ್ತದೆ. ಪಾಲಿಮರಿನ ಗ್ರಾಮಿಗೆ ಇಷ್ಟೆಂದು ಬರೆಯುವ ಅಂಕಿಗಳಲ್ಲಿ ಈ ದ್ರವವೂ ಸೇರಿರುವುದಿಲ್ಲ, ಬೆರೆಸಿದ ಇಂಗಾಲದ ಕಪ್ಪೂ ಸೇರಿರುವುದಿಲ್ಲ. ಗಾಡಿಯ ತೂಕವನ್ನು ಬಿಟ್ಟು ಮೂಟೆಯನ್ನಷ್ಟೇ ತೂಗಿ, ಎತ್ತುಗಳಿಗೆ ಹೊರೆ ಕಡಿಮೆಯೆಂದಂತೆ!

ಆದುದರಿಂದ ಗ್ರಾಮಿಗೆ ಇಷ್ಟು ಸಾವಿರ ಚದರ ಮೀಟರ್ ವಿಸ್ತೀರ್ಣವೆಂದು ಮೆರೆಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಅನಿಲವನ್ನು ಕೂಡಿಡುವವರಿಗೆ ಅದು ಹಿರಿಮೆ. ಕೋಶವನ್ನು ಕಟ್ಟುವವರಿಗೆ ಒಂದು ಮಿತಿಯ ಆಚೆಗೆ ಅದು ಹೊರೆ. ಮಿತಿ ಎಲ್ಲಿ? ಬರಿಯ ಲೀಥಿಯಮ್ ಅಯಾನಿನ ತ್ರಿಜ್ಯ 0.076 ನ್ಯಾನೊಮೀಟರ್ ಮಾತ್ರ. ದ್ರವದಲ್ಲಿ ಅದು ಒಂಟಿಯಾಗಿ ಓಡಾಡುವುದಿಲ್ಲ. ಸಾಮಾನ್ಯವಾಗಿ ನಾಲ್ಕು ದ್ರಾವಕ ಅಣುಗಳು ಅದನ್ನು ಸುತ್ತುವರಿದಿರುತ್ತವೆ. ಈ ಪರಿವಾರವನ್ನೆಲ್ಲ ಸೇರಿಸಿಕೊಂಡರೂ ಒಂದು ನ್ಯಾನೊಮೀಟರಿನ ಸುಮಾರಿನ ಬಾಗಿಲು ಅದಕ್ಕೆ ಸಾಕು, ಎರಡಾದರೆ ಧಾರಾಳ. ಬಾಗಿಲು ಅದಕ್ಕಿಂತ ಅಗಲವಾದಷ್ಟೂ ದ್ರವದ ಹೊರೆ ಹೆಚ್ಚುತ್ತದೆ, ವೇಗ ಅಷ್ಟರಮಟ್ಟಿಗೆ ಹೆಚ್ಚುವುದಿಲ್ಲ. ತೂತು ಕಡಿಮೆಯಿದ್ದು, ಇರುವಷ್ಟು ತೂತುಗಳ ಬಾಯಿ ತೆರೆದಿದ್ದು, ಒಂದೊಂದರ ಗೋಡೆಯೂ ಕಾರ್ಬೊನಿಲ್ ಗುಂಪುಗಳಿಂದ ಕಿಕ್ಕಿರಿದಿರಬೇಕು. ಹೆಚ್ಚಿನ ಬಲೆಗಳು ಇದಕ್ಕೆ ಇನ್ನೂ ದೂರದಲ್ಲಿವೆ.

ತೂತೇ ಇಲ್ಲದೆ ಕರಗುವ ಪಿಡುಗನ್ನು ನಿವಾರಿಸುವ ದಾರಿಯೂ ಇದೆ. 2024ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಮಿರ್ಚಾ ಡಿಂಕ ಮತ್ತು ಸಂಗಡಿಗರು, ಕ್ವಿನೋನ್ ಬಳಗದ ಒಂದು ಸಣ್ಣ ಅಣುವನ್ನು ಪಾಲಿಮರಾಗಿ ಕಟ್ಟದೆಯೇ ಬಳಸಿದರು. ಆ ಅಣುಗಳು ಜಲಜನಕದ ಬಂಧಗಳಿಂದ ಒಂದಕ್ಕೊಂದು ಕೈಹಿಡಿದುಕೊಂಡು ಒತ್ತಾದ ಪದರಗಳಾಗಿ ನಿಲ್ಲುವುದರಿಂದ ದ್ರವದಲ್ಲಿ ಕರಗುವುದಿಲ್ಲ. 2,000ಕ್ಕೂ ಹೆಚ್ಚು ಬಾರಿ ತುಂಬಿ ಬಳಸಿದರೂ ಕೋಶ ಬಾಳಿತು. ಸರಂಧ್ರ ಪಾಲಿಮರುಗಳಿಗೆ ಇದು ಸಣ್ಣ ಸವಾಲಲ್ಲ. ಅವು ಉತ್ತರ ಕೊಡಬೇಕಾದದ್ದು ಎರಡು ಕಡೆ ಎಂದು ತೋರುತ್ತದೆ. ಕೆಲವೇ ನಿಮಿಷಗಳಲ್ಲಿ ತುಂಬಿ ಕೆಲವೇ ನಿಮಿಷಗಳಲ್ಲಿ ಬರಿದಾಗಬೇಕಾದ ಕೋಶಗಳಲ್ಲಿ ಅಯಾನಿನ ದಾರಿ ಚಿಕ್ಕದಾಗಿರುವುದೇ ಮುಖ್ಯ. ಇನ್ನೊಂದು, ಲೀಥಿಯಮ್ಮಿಗಿಂತ ದಪ್ಪವಾದ ಅಯಾನುಗಳ ಕೋಶ. ಸೋಡಿಯಮ್ ಅಯಾನಿನ ತ್ರಿಜ್ಯ 0.102 ನ್ಯಾನೊಮೀಟರ್, ಗ್ರಾಫೈಟಿನ ಪದರಗಳು ಅದನ್ನು ಸರಿಯಾಗಿ ಒಳಗೊಳ್ಳುವುದಿಲ್ಲ, ಬಲೆಯ ಕಣ್ಣಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಪಾಟ್ಸ್‌ಡ್ಯಾಮಿನ ಮಾದರಿಯ ಬಲೆಯನ್ನು ಸೋಡಿಯಮ್ಮಿನೊಡನೆ ಹೂಡಿದ ಫಲಿತಾಂಶ 2013ರಲ್ಲಿಯೇ ಬಂದಿದೆ. ಗೋಡೆಯ ಬದಿಯಲ್ಲಿ ನಿಂತಿರುವ ಕೋಶ ನಾಲ್ಕು ಅಂಗುಲ ಹೆಚ್ಚು ಜಾಗ ಹಿಡಿದರೆ ಯಾರಿಗೂ ತೊಂದರೆಯಿಲ್ಲ.

ಇನ್ನೊಂದು ತೊಡಕು ಉಳಿಯಿತು. ಈಗಿನ ಕೋಶಗಳಲ್ಲಿ ಲೀಥಿಯಮ್ ಮೊದಲಿನಿಂದಲೂ ಕೋಬಾಲ್ಟ್ ಆಕ್ಸೈಡಿನಂಥ ಧನಾಗ್ರದಲ್ಲಿಯೇ ಇರುತ್ತದೆ. ಎದುರಿಗೆ ಬರಿಯ ಗ್ರಾಫೈಟನ್ನಿಟ್ಟರೆ ಸಾಕು. ಆಂತ್ರಕ್ವಿನೋನಿನ ಬಲೆಯಲ್ಲಾದರೋ ಲೀಥಿಯಮ್ಮೇ ಇಲ್ಲ. ಅದರ ಎದುರಿಗೆ ಲೀಥಿಯಮ್ ಲೋಹದ ತಗಡನ್ನೇ ಇಡಬೇಕಾಗುತ್ತದೆ. ವಿದ್ಯುತ್ತನ್ನು ತುಂಬಿದಾಗಲೆಲ್ಲ ಆ ತಗಡಿನ ಮೇಲೆ ಸೂಜಿಯಂಥ ಮೊಳಕೆಗಳೆದ್ದು, ಧನಾಗ್ರವನ್ನು ಮುಟ್ಟಿ ಬೆಂಕಿಗೆ ಕಾರಣವಾಗುವ ಭಯವಿದೆ. ಬಲೆಗೆ ಮೊದಲೇ ಲೀಥಿಯಮ್ಮನ್ನು ಕಟ್ಟಿ ಕೋಶಕ್ಕೆ ಹಾಕೋಣವೆಂದರೆ, ಎಲೆಕ್ಟ್ರಾನುಗಳನ್ನು ಪಡೆದ ಆ ರೂಪ ಬಾನಿಯಿಂದ ತೆಗೆದ ಬಟ್ಟೆಯಂತೆಯೇ ಗಾಳಿ ತಗುಲಿದೊಡನೆ ಅವನ್ನು ಬಿಟ್ಟುಕೊಡುತ್ತದೆ. ಸುಮಾರು 3 ವೋಲ್ಟಿಗಿಂತ ಕಡಿಮೆ ವಿಭವದ ಯಾವ ಸಾವಯವ ಧನಾಗ್ರಕ್ಕೂ ಈ ಕಷ್ಟ ತಪ್ಪಿದ್ದಲ್ಲ. 2021ರಲ್ಲಿ ಬೆಲ್ಜಿಯಮ್ ದೇಶದಲ್ಲಿ ಅಲೆಕ್ಸಾಂಡ್ರು ವ್ಲಾಡ್ ಅವರ ತಂಡವು ಕಾರ್ಬೊನಿಲ್ಲಿನ ಬದಲು ಗಂಧಕ ಮತ್ತು ಸಾರಜನಕಗಳನ್ನುಳ್ಳ ಸಲ್ಫೊನಮೈಡ್ ಗುಂಪುಗಳನ್ನು ಬಳಸಿ, ಲೀಥಿಯಮ್ ತುಂಬಿದ ಮೇಲೆಯೂ ಗಾಳಿಯಲ್ಲಿ ಕೆಡದ ಅಣುಗಳನ್ನು ಮಾಡಿ ತೋರಿಸಿತು. ಅವು ಬಿಡಿ ಅಣುಗಳು, ಬಲೆಯಲ್ಲ. ಸಲ್ಫೊನಮೈಡ್ ಗುಂಪು ಕಾರ್ಬೊನಿಲ್ಲಿಗಿಂತ ಭಾರವಾದುದರಿಂದ, ಅವನ್ನು ಬಲೆಯ ಗೋಡೆಯಲ್ಲಿ ಕೂರಿಸಹೊರಟರೆ ಮೇಲೆ ಹೇಳಿದ ತೂಕದ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ.